ಮನೆ ಕಂದಾಯದ ಮಿತಿಯೂ ನನ್ನ ಹದಿನಾಲ್ಕು ಗಂಟೆ ಕೆಲಸವೂ

ಕೆಲವರಿಗೆ ಖುಷಿಯಲ್ಲಿದ್ದಾಗ ನಗುವಂಥ ಸಂಗತಿಗಳು ನಡೆಯುತ್ತವಂತೆ. ನನಗೆ ಹಾಗಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿರುವಾಗಲೇ ಒಂದರ ಹಿಂದೆ ಒಂದು ನಡೆಯುತ್ತವೆ. ನಗು ಬರುವುದು ಆಮೇಲೆ, ಅದೂ ಬೇರೆಯವರಿಗೆ.

ನಾವಿರುವುದು ನ್ಯೂಜಿಲೆಂಡಿನಲ್ಲಿ, ಹ್ಯಾಮಿಲ್ಟನ್‌ನಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ. ನನ್ನ ಯಜಮಾನರು ಇಲ್ಲಿನ ವೃದ್ಧಾಶ್ರಮದಲ್ಲಿ ನರ್ಸ್. ನಾನು ಮಂಡ್ಯದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ ಬಂದವಳು. ಆರು ವರ್ಷದ ಒಬ್ಬಳು ಮಗಳಿದ್ದಾಳೆ. ಎರಡು ವರ್ಷದಿಂದ ಊರಿನ ಕೌನ್ಸಿಲ್‌ನ, ಅಂದರೆ ನಮ್ಮ ಕಡೆಯ ಪುರಸಭೆಯಂಥದರ, ಲೈಬ್ರರಿಯಲ್ಲಿ ವಾರಕ್ಕೆ ಹದಿನಾಲ್ಕು ಗಂಟೆ ಕೆಲಸ ಮಾಡುತ್ತೇನೆ. ವಾಪಸ್ ಬಂದ ಪುಸ್ತಕ ಜೋಡಿಸುವುದು, ಕೌಂಟರಿನಲ್ಲಿ ನಿಲ್ಲುವುದು, ಮೀಟಿಂಗ್ ಇದ್ದರೆ ಕುರ್ಚಿ ಹಾಕುವುದು, ಟೀ ಮಾಡುವುದು, ಕಪ್ಪು ತೊಳೆಯುವುದು. ನನ್ನ ಜೀವನದ ಮೊದಲ ಕೆಲಸ. ಹತ್ತನೇ ಕ್ಲಾಸು ಓದಿದವಳನ್ನು ಪುಸ್ತಕಗಳ ನಡುವೆ ನಿಲ್ಲಿಸಿ ಸಂಬಳ ಕೊಡುತ್ತಾರೆಂದರೆ ನನ್ನ ತವರಿನಲ್ಲಿ ಇನ್ನೂ ಯಾರೂ ನಂಬಿಲ್ಲ.

ಅಂಥ ಕೆಲಸದ ಮೇಲೆ ಕಣ್ಣು ಬಿತ್ತು. ನಾವು ಮನೆ ಕಂದಾಯ ಅನ್ನುವುದನ್ನು ಇಲ್ಲಿ ರೇಟ್ಸ್ ಅನ್ನುತ್ತಾರೆ. ಅದು ವರ್ಷ ವರ್ಷ ಏರುತ್ತಿದೆ. ಮನೆ ಮಾಲೀಕರೆಲ್ಲ ಸೇರಿ, ಇನ್ನು ಮುಂದೆ ಇಷ್ಟಕ್ಕಿಂತ ಹೆಚ್ಚು ಏರಿಸಬಾರದೆಂದು ಮಿತಿ ಹಾಕಿ, ಬೇಕಾದರೆ ಜನರ ಮತ ಕೇಳಿ ಎಂದು ಹಠ ಹಿಡಿದರು. ಕೌನ್ಸಿಲ್ ಮತ ಕೇಳುವುದಕ್ಕೆ ಒಪ್ಪಿತು, ಮಿತಿಗೆ ಮಾತ್ರ ಸುತರಾಂ ಒಪ್ಪಲಿಲ್ಲ. ಮಿತಿ ಬಂದರೆ ಊರಿನಲ್ಲಿ ಏನೇನು ನಿಲ್ಲಿಸಬೇಕಾಗುತ್ತದೆ ಎಂದು ಮೇಯರ್ ಒಂದು ಪಟ್ಟಿ ಮಾಡಿದರು. ಮೊದಲನೆಯದು ಈಜುಕೊಳ. ಎರಡನೆಯದು ಲೈಬ್ರರಿಯಲ್ಲಿ ಗಂಟೆ ಲೆಕ್ಕದ ನೌಕರರು.

ಆ ಪಟ್ಟಿಯನ್ನು ಲೈಬ್ರರಿಯ ಗೋಡೆಗೆ ಅಂಟಿಸಿದ್ದು ಯಾರು? ನಾನೇ.

ಅಭಿಪ್ರಾಯವಿಲ್ಲದ ಹೆಂಗಸು

ನಮ್ಮ ಮ್ಯಾನೇಜರಮ್ಮ ಒಳ್ಳೆಯವರು. ನ್ಯೂಜಿಲೆಂಡಿನವರೇ, ಐವತ್ತೈದು ವಯಸ್ಸು, ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅವರು ನಮ್ಮನ್ನೆಲ್ಲ ಸೇರಿಸಿ ಹೇಳಿದರು: "ಮೇಯರ್ ಮಿತಿಯನ್ನು ವಿರೋಧಿಸಬಹುದು, ಅವರು ಚುನಾಯಿತರು. ನಾವು ನೌಕರರು. ಮತದಾನ ಮುಗಿಯುವ ತನಕ ಈ ವಿಷಯದಲ್ಲಿ ನಮಗೆ ಅಭಿಪ್ರಾಯವೇ ಇಲ್ಲ. ಗೊತ್ತಾಯ್ತಾ?"

ಎಲ್ಲರಿಗೂ ಹೇಳಿದ್ದು ಹೌದು, ನೋಡಿದ್ದು ಮಾತ್ರ ನನ್ನನ್ನು.

ಮನೆಗೆ ಬಂದು ಯಜಮಾನರಿಗೆ ಹೇಳಿದರೆ ಅವರು ಬಿದ್ದು ಬಿದ್ದು ನಕ್ಕರು. "ನಿನಗೆ ಅಭಿಪ್ರಾಯ ಇಲ್ದೆ ಇರೋಕಾಗುತ್ತೇನೇ? ತಾಳಿ ಕಟ್ಟೋವಾಗ ನನ್ನ ಪಂಚೆ ಅಂಚು ಚೆನ್ನಾಗಿಲ್ಲ ಅಂತ ಮಂಟಪದಲ್ಲೇ ಹೇಳಿದೋಳು ನೀನು."

"ಚೆನ್ನಾಗಿರಲಿಲ್ಲ ಕಣ್ರೀ."

"ನೋಡಿದ್ಯಾ?"

ಭಯ ಹೆಚ್ಚಾಯಿತು. ಬಾಯಿ ಜಾರಿದರೆ ಮತದಾನಕ್ಕೂ ಮೊದಲೇ ನನ್ನ ಕೆಲಸ ಹೋಗುತ್ತದೆ. ಮರುದಿನ ತುಟಿ ಹೊಲಿದುಕೊಂಡವಳಂತೆ ಕೌಂಟರಿನಲ್ಲಿ ನಿಂತೆ. ಟೊಪ್ಪಿ ಹಾಕಿದ ಒಬ್ಬ ಮುದುಕಪ್ಪ ಬಂದು ಕೇಳಿದರು, "ಏನಮ್ಮಾ, ಮಿತಿ ಬಂದರೆ ಲೈಬ್ರರಿ ಮುಚ್ಚುತ್ತಾರಂತೆ, ನಿಜವಾ?"

"ನನಗೆ ಅಭಿಪ್ರಾಯವಿಲ್ಲ."

"ಸರಿ ಬಿಡು. ಭಾನುವಾರ ತೆರೆದಿರುತ್ತಾ?"

ಇದರಲ್ಲೇನಾದರೂ ಒಳಸಂಚಿದ್ದರೆ? "ನನಗೆ ಅಭಿಪ್ರಾಯವಿಲ್ಲ."

ಅವರು ಕಿಟಕಿಯ ಕಡೆ ಕೈ ತೋರಿಸಿದರು. "ಹೊರಗೆ ಮಳೆ ಬರ್ತಿದೆಯಾ?"

ಕಿಟಕಿಯಾಚೆ ಸುರಿಯುತ್ತಿತ್ತು. ನಾನು ಕಿಟಕಿಯತ್ತ ತಿರುಗಲೇ ಇಲ್ಲ.

ಮುದುಕಪ್ಪ ಸಲಹೆ ಪೆಟ್ಟಿಗೆಗೆ ಒಂದು ಚೀಟಿ ಹಾಕಿ ಹೋದರು. ಆ ವಾರದ ಸಭೆಯಲ್ಲಿ ಮೇಯರ್ ಅದನ್ನು ಗಟ್ಟಿಯಾಗಿ ಓದಿದರು: "ಲೈಬ್ರರಿಯ ಹುಡುಗಿ ಮಳೆ ಬರುತ್ತಿದೆ ಎಂದು ಹೇಳುವುದಕ್ಕೂ ನಡುಗುತ್ತಾಳೆ. ಕೌನ್ಸಿಲ್ ನಮ್ಮಿಂದ ಏನನ್ನು ಮುಚ್ಚಿಡುತ್ತಿದೆ?"

ಒದ್ದೆ ಬೆಡ್‌ಶೀಟು

ನಮ್ಮದು ಬಾಡಿಗೆ ಮನೆ. ಓನರ್ ನಮ್ಮವರೇ, ಮೈಸೂರಿನ ಇಂಜಿನಿಯರ್ ಅಂಕಲ್. ಅವರಿರುವುದು ಹ್ಯಾಮಿಲ್ಟನ್‌ನ ರೊಟೊಟೂನ ಬಡಾವಣೆಯಲ್ಲಿ, ಹೊಸ ಮನೆಯಲ್ಲಿ. ನಮ್ಮ ಊರಿನಲ್ಲಿ ಅವರದೊಂದು ಹಳೆ ಮನೆ, ಅದರಲ್ಲಿ ನಾವು. ಇಲ್ಲಿ ಮನೆ ಇರುವುದರಿಂದ ಇಲ್ಲಿ ಅವರಿಗೂ ಮತವಿದೆ. ಕಂದಾಯಕ್ಕೆ ಮಿತಿ ಬೇಕೇ ಬೇಕು ಎನ್ನುವವರಲ್ಲಿ ಅವರದು ಮೊದಲ ದನಿ. ಯಾರಿಗೂ ಹೆದರುವ ಜನ ಅಲ್ಲ. ಕಂದಾಯದ ಸುದ್ದಿ ಎತ್ತಿದರೆ ಕಾಫಿ ಆರಿಹೋದದ್ದೂ ಗೊತ್ತಾಗುವುದಿಲ್ಲ.

ಒಂದು ಭಾನುವಾರ ಸುತ್ತಿಗೆ ಹಿಡಿದು ಬಂದರು. "ಏನಮ್ಮಾ, ಮುಂದುಗಡೆ ಲಾನ್‌ನಲ್ಲಿ ಒಂದು ಬೋರ್ಡ್ ಹಾಕ್ತಾ ಇದೀನಿ. ನಿನಗೇನೂ ತೊಂದರೆ ಇಲ್ಲ ತಾನೇ?"

"ಅಯ್ಯೋ, ಏನೂ ಇಲ್ಲ ಅಂಕಲ್." ಓನರಿಗೆ ಇನ್ನೇನು ಹೇಳುವುದು?

ಹಳದಿ ಬೋರ್ಡು, ಬಾಗಿಲಿನಷ್ಟು ಅಗಲ. 'ಕೌನ್ಸಿಲ್‌ಗೆ ಕಡಿವಾಣ ಹಾಕಿ. ಮಿತಿಗೆ ಮತ ಕೊಡಿ.' ಮ್ಯಾನೇಜರಮ್ಮ ದಿನಾ ಬೆಳಿಗ್ಗೆ ಎಂಟೂವರೆಗೆ ನಮ್ಮ ರಸ್ತೆಯಲ್ಲೇ ಕಾರು ಓಡಿಸಿಕೊಂಡು ಹೋಗುತ್ತಾರೆ. ಕಿತ್ತರೆ ಮನೆ ಹೋಗುತ್ತದೆ, ಬಿಟ್ಟರೆ ಕೆಲಸ ಹೋಗುತ್ತದೆ.

ಉಪಾಯ ಹೊಳೆಯಿತು. ದಿನಾ ಎಂಟು ಗಂಟೆಗೆ ಒಂದು ಬೆಡ್‌ಶೀಟನ್ನು ನೀರಿನಲ್ಲಿ ಅದ್ದಿ ಹಿಂಡಿ ಆ ಬೋರ್ಡಿನ ಮೇಲೆ ಒಣಹಾಕುವುದು, ಮ್ಯಾನೇಜರಮ್ಮನ ಕಾರು ದಾಟಿದ ಮೇಲೆ ತೆಗೆಯುವುದು. ಒಣ ಬೆಡ್‌ಶೀಟಾದರೆ ಗಾಳಿಗೆ ಹಾರುತ್ತಿತ್ತು, ನೋಡಿದವರಿಗೆ ಅನುಮಾನವೂ ಬರುತ್ತಿತ್ತು.

ಎರಡು ವಾರ ಚೆನ್ನಾಗಿ ನಡೆಯಿತು. ಮೂರನೆಯ ವಾರ ಪಕ್ಕದ ಮನೆಯ ಅಜ್ಜಿ ಬೇಲಿಯ ಹತ್ತಿರ ನಿಂತು ನನ್ನ ಮಗಳನ್ನು ಮೆಲ್ಲಗೆ ಕರೆದರು. ಕೈಯಲ್ಲಿ ಹಾಸಿಗೆಗೆ ಹಾಕುವ ಪ್ಲಾಸ್ಟಿಕ್ ಹೊದಿಕೆ. "ಪುಟ್ಟೀ, ಬೇಜಾರು ಮಾಡಿಕೊಳ್ಳಬೇಡ. ದಿನಾ ಒದ್ದೆಯಾಗುವ ಆ ಬೆಡ್‌ಶೀಟು ನಿನ್ನದಾ?"

ಮಗಳು ಸುಳ್ಳು ಹೇಳುವವಳಲ್ಲ. ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, "ನನ್ನದಲ್ಲ. ಅಪ್ಪಂದು."

ಸಂಜೆ ಡ್ಯೂಟಿಯಿಂದ ಬಂದ ಯಜಮಾನರ ಭುಜವನ್ನು ಅಜ್ಜಿ ಬೇಲಿಯಾಚೆಯಿಂದ ತಟ್ಟಿ, "ಇದಕ್ಕೆಲ್ಲಾ ನಾಚಿಕೊಳ್ಳಬಾರದಪ್ಪಾ, ಎಲ್ಲರಿಗೂ ಆಗುತ್ತೆ" ಅಂದರಂತೆ. ವೃದ್ಧಾಶ್ರಮದಲ್ಲಿ ದಿನಾ ಬೆಳಿಗ್ಗೆ ತಾವು ಹೇಳುವ ಮಾತನ್ನೇ ತಮಗೆ ಯಾರೋ ಹೇಳಿದ್ದಕ್ಕೆ ಅವರು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಲೈಬ್ರರಿಗೆ ಬಿದ್ದ ಚುಕ್ಕಿಗಳು

ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದಕ್ಕೆ ಇಲ್ಲಿನ ಕೌನ್ಸಿಲ್‌ನವರದು ಒಂದು ಪದ್ಧತಿ. ಗೋಡೆಗೆ ದೊಡ್ಡ ಹಾಳೆ ಹಚ್ಚಿ ಈಜುಕೊಳ, ಲೈಬ್ರರಿ, ಪಾರ್ಕು, ಫುಟ್‌ಪಾತ್ ಎಂದು ಬರೆದಿರುತ್ತಾರೆ. ಬಂದವರಿಗೆಲ್ಲ ಮೂರು ಮೂರು ಕೆಂಪು ಚುಕ್ಕಿಯ ಸ್ಟಿಕ್ಕರ್ ಕೊಡುತ್ತಾರೆ. ಯಾವುದು ಉಳಿಯಬೇಕೋ ಅದರ ಕೆಳಗೆ ಅಂಟಿಸಬೇಕು.

ಈಜುಕೊಳದ ಕೆಳಗೆ ಚುಕ್ಕಿ ತುಂಬಿ ತುಳುಕುತ್ತಿತ್ತು. ಲೈಬ್ರರಿಯ ಕೆಳಗೆ ಒಂಬತ್ತು. ದಿನಾ ಬೆಳಿಗ್ಗೆ ಬಾಗಿಲು ತೆಗೆದವಳೇ ಹೋಗಿ ಎಣಿಸುತ್ತಿದ್ದೆ. ಒಂಬತ್ತು. ಅದನ್ನು ನೋಡಿ ನೋಡಿ ನನಗೆ ಅನ್ನ ಸೇರದಾಯಿತು.

ಶಾಲೆಗೆ ರಜೆ ಇತ್ತೆಂದು ಒಂದು ದಿನ ಮಗಳನ್ನು ಜೊತೆಗೆ ಕರೆದೊಯ್ದೆ. ನಾನು ಒಳಗೆ ಕಪ್ಪು ತೊಳೆದು ಬರುವಷ್ಟರಲ್ಲಿ ಮ್ಯಾನೇಜರಮ್ಮ ಹಾಳೆಯ ಮುಂದೆ ಕೆನ್ನೆಗೆ ಕೈಯಿಟ್ಟುಕೊಂಡು ನಿಂತಿದ್ದರು. ಲೈಬ್ರರಿಯ ಕೆಳಗೆ ಬೆಳಗಿನಿಂದ ಅರವತ್ತು ಚುಕ್ಕಿ! "ಜನಕ್ಕೆ ಅರ್ಥವಾಯಿತು ನೋಡು" ಅಂದರು. ಕಣ್ಣಲ್ಲಿ ನೀರಿತ್ತು. ಕೂಡಲೇ ಮೇಯರಿಗೆ ಫೋನ್ ಮಾಡಿದರು. ಮೇಯರ್ ಪತ್ರಿಕೆಯ ಫೋಟೋಗ್ರಾಫರನ್ನೇ ಕರೆದುಕೊಂಡು ಬಂದರು.

ಮೇಯರ್ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. "ಇದೇನಿದು, ಕೆಲವು ಚುಕ್ಕಿಗಳ ನಡುವೆ ಕಲ್ಲು ಹೊಳೀತಾ ಇದೆಯಲ್ಲ?"

ಆಮೇಲೆ ನನ್ನ ಹಣೆ ನೋಡಿದರು. ಆಮೇಲೆ ಹಾಳೆ. ಆಮೇಲೆ ಮತ್ತೆ ಹಣೆ.

ನನ್ನ ಬ್ಯಾಗಿನಲ್ಲಿ ಊರಿಂದ ಅಮ್ಮ ಕಳಿಸಿದ್ದ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್‌ಗಳಿದ್ದವು. ಮಗಳು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಜೈಲೇ ಗತಿ ಅಂದುಕೊಂಡೆ. ಕಳ್ಳ ಮತ, ಅದೂ ಅಮ್ಮ ಕಳಿಸಿದ ಬೊಟ್ಟಿನಲ್ಲಿ. ಮಂಡ್ಯದವರೆಗೂ ಸುದ್ದಿ ಹೋಗುತ್ತದೆ. "ಸರ್, ಮಗು, ಗೊತ್ತಿಲ್ಲದೆ..." ಎಂದು ಏನೇನೋ ತೊದಲಿದೆ. ಮೇಯರ್ ನಗು ತಡೆದುಕೊಂಡು, "ಪರವಾಗಿಲ್ಲ, ಈಗಲೇ ತೆಗೆದುಬಿಡಿ" ಅಂದರು. ನಾನು ಒಂದೊಂದೇ ಬೊಟ್ಟು ಕಿತ್ತೆ. ಫೋಟೋಗ್ರಾಫರ್ ಬಂದದ್ದಕ್ಕೆ ಇರಲಿ ಎಂದು ಅದನ್ನೇ ಕ್ಲಿಕ್ಕಿಸಿದ.

ಮರುದಿನದ ಪತ್ರಿಕೆಯಲ್ಲಿ ನನ್ನ ಫೋಟೋ. ಕೆಳಗೆ: 'ಲೈಬ್ರರಿ ಪರ ಬಿದ್ದ ಚುಕ್ಕಿಗಳನ್ನು ಕೀಳುತ್ತಿರುವ ಕೌನ್ಸಿಲ್ ನೌಕರೆ.' ಒಂಬತ್ತು ಗಂಟೆಗೆ ಅಂಕಲ್ ಫೋನು ಬಂತು. "ಭೇಷ್ ಕಣಮ್ಮಾ! ಒಳಗೇ ಇದ್ದುಕೊಂಡು ನಮ್ಮ ಪರ ಕೆಲಸ ಮಾಡ್ತಾ ಇದೀಯ ಅಂತ ನನಗೆ ಗೊತ್ತೇ ಇರಲಿಲ್ಲ!"

ದೇವರ ಮುಂದಿನ ಲಕೋಟೆ

ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಟಿಕ್ ಹಾಕಿ ವಾಪಸ್ ಕಳಿಸಬೇಕು, ಇಲ್ಲವೇ ಲೈಬ್ರರಿಯಲ್ಲಿಟ್ಟ ಪೆಟ್ಟಿಗೆಗೆ ಹಾಕಬೇಕು. ನಾನು ಅದು ಬಂದ ದಿನವೇ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಟಿಕ್ ಹಾಕಿ ಪೆಟ್ಟಿಗೆಗೆ ಹಾಕಿಬಿಟ್ಟಿದ್ದೆ. ಯಜಮಾನರೂ ಹಾಕಿದ್ದರು. ಯಾವುದಕ್ಕೆಂದು ನಾನು ಕೇಳಲಿಲ್ಲ. ಕೇಳಿ, ಉತ್ತರ ಬೇರೆ ಬಂದರೂ ಅವರಿಗೆ ಅಡುಗೆ ಮಾಡಿ ಹಾಕುವವಳು ನಾನೇ ತಾನೇ.

ಶನಿವಾರ ಬೆಳಿಗ್ಗೆ ಅಂಕಲ್ ಬಂದರು. ಫೋಟೋ ನೋಡಿದ ಮೇಲೆ ನಾನು ಅವರ ಕಡೆಯವಳು ಎಂದು ಗಟ್ಟಿ ಮಾಡಿಕೊಂಡಿದ್ದರು. ಉಪ್ಪಿಟ್ಟು ತಿಂದು ಕೈ ತೊಳೆದು, "ಎಲ್ಲಮ್ಮಾ, ನಿಮ್ಮಿಬ್ಬರ ಮತಪತ್ರ ತಗೊಂಡು ಬಾ. ಎಲ್ಲಿ ಟಿಕ್ ಹಾಕಬೇಕು ಅಂತ ನಾನೇ ತೋರಿಸಿಕೊಡ್ತೀನಿ. ಹಾಗೇ ಪೋಸ್ಟೂ ಮಾಡಿಬಿಡ್ತೀನಿ" ಅಂದರು.

ಆಗಲೇ ಹಾಕಿದ್ದೇವೆ ಎಂದರೆ ಯಾವುದಕ್ಕೆ ಎಂದು ಕೇಳುತ್ತಾರೆ. ಅವರ ಮುಖ ನೋಡಿಕೊಂಡು ಸುಳ್ಳು ಹೇಳಲು ನನಗೆ ಬಾರದು, ನಿಜ ಹೇಳಿದರೆ ಬಾಡಿಗೆ ಮನೆ ಹುಡುಕಬೇಕು. ಸಹಾಯಕ್ಕೆ ಯಜಮಾನರ ಕಡೆ ತಿರುಗಿದೆ. ಅವರ ಕುರ್ಚಿ ಖಾಲಿ ಇತ್ತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟ ಸದ್ದು.

"ದೇವರ ಮುಂದೆ ಇಟ್ಟಿದ್ದೀನಿ ಅಂಕಲ್," ಅಂದೆ. "ಇವತ್ತು ಮುಟ್ಟೋ ಹಾಗಿಲ್ಲ."

"ಅಯ್ಯೋ, ಒಳ್ಳೇದೇ ಮಾಡಿದೆ!" ಅಂಕಲ್ ಎದ್ದು, ದೇವರ ಗೂಡಿನ ಮುಂದೆ ಹೋಗಿ ನಿಂತರು. ಅಲ್ಲಿ ಒಂದು ಬಿಳಿ ಲಕೋಟೆ ನಿಜವಾಗಿಯೂ ಇತ್ತು. ಎತ್ತಿ ನೋಡಿದರೆ ಮುಗಿಯಿತು. ಅವರು ಎತ್ತಲಿಲ್ಲ. ಕಣ್ಣು ಮುಚ್ಚಿ, ಕೈ ಮುಗಿದು, "ತಂದೇ, ಈ ವರ್ಷದಿಂದಲಾದರೂ ಇದು ಏರದ ಹಾಗೆ ನೋಡಿಕೊಳ್ಳಪ್ಪಾ" ಎಂದು ಮನಸಾರೆ ಬೇಡಿಕೊಂಡು, ಲಕೋಟೆಗೆ ಒಂದು ಊದುಬತ್ತಿ ಬೆಳಗಿ ಹೊರಟರು.

ಲಕೋಟೆಯೊಳಗೆ ಇದ್ದದ್ದು ನಮ್ಮ ಕರೆಂಟ್ ಬಿಲ್ಲು. ಆ ತಿಂಗಳಿಂದ ಅದು ನಿಜಕ್ಕೂ ಏರಿಲ್ಲ.

ಜೊತೆಗೊಬ್ಬರನ್ನು ಕರೆತನ್ನಿ

ಮಿತಿ ಗೆದ್ದಿತು. ಮೇಯರ್ ಮುಖ ಬಾಡಿತು. ನಾನು ಗೋಡೆಯ ಪಟ್ಟಿಯಲ್ಲಿ ಎರಡನೆಯ ಸಾಲನ್ನು ಮತ್ತೊಮ್ಮೆ ಓದಿದೆ.

ಹತ್ತು ದಿನಕ್ಕೆ ಕೌನ್ಸಿಲ್‌ನ ನೌಕರರ ವಿಭಾಗದಿಂದ ಪತ್ರ ಬಂತು. 'ನಿಮ್ಮ ಹುದ್ದೆಯನ್ನು ತೆಗೆಯುವ ಪ್ರಸ್ತಾವವಿದೆ. ಅದರ ಬಗ್ಗೆ ನಿಮ್ಮ ಮಾತು ಕೇಳಬೇಕು, ಮೀಟಿಂಗಿಗೆ ಬನ್ನಿ. ಬೆಂಬಲಕ್ಕೆ ಜೊತೆಯಲ್ಲಿ ಒಬ್ಬರನ್ನು ಕರೆತರಬಹುದು.'

ಯಜಮಾನರು ಓದಿ ಪತ್ರವನ್ನು ಮಡಿಸಿಟ್ಟರು. "ಈ ದೇಶದಲ್ಲಿ ಜೊತೆಗೊಬ್ಬರನ್ನ ಕರ್ಕೊಂಡ್ ಬನ್ನಿ ಅಂದ್ರೆ ಮುಗೀತು ಅಂತಾನೇ ಅರ್ಥ ಕಣೇ." ಅವರಿಗೆ ಮೀಟಿಂಗಿನ ದಿನ ಡ್ಯೂಟಿ ಬಿಡುವ ಹಾಗಿರಲಿಲ್ಲ.

ಇಲ್ಲಿಯವರು ಇಂಥ ಮೀಟಿಂಗಿಗೆ ಸ್ನೇಹಿತರನ್ನು ಕರೆದೊಯ್ಯುತ್ತಾರಂತೆ, ಅವರು ಪಕ್ಕದಲ್ಲಿ ಸುಮ್ಮನೆ ಕೂತು ಬೆನ್ನು ಸವರುತ್ತಾರಂತೆ. ನಮಗೆ ಅದು ಗೊತ್ತಿಲ್ಲ. ಕಷ್ಟದ ಮಾತುಕತೆ ಎಂದರೆ ನಾವು ದೊಡ್ಡವರೊಬ್ಬರನ್ನು ಮುಂದಿಟ್ಟುಕೊಂಡು ಹೋಗುವವರು. ವಯಸ್ಸಾಗಿರಬೇಕು, ಇಂಗ್ಲಿಷ್ ಚೆನ್ನಾಗಿ ಬರಬೇಕು, ಯಾರಿಗೂ ಹೆದರಬಾರದು. ನಾನು ಬಲ್ಲವರಲ್ಲಿ ಈ ಮೂರೂ ಇದ್ದವರು ಒಬ್ಬರೇ. ಫೋನ್ ಮಾಡಿ, "ಅಂಕಲ್, ನನ್ನ ಕೆಲಸದ ವಿಷಯಕ್ಕೆ ಒಂದು ಮೀಟಿಂಗಿದೆ, ಬರ್ತೀರಾ?" ಅಂದೆ. "ಬರ್ತೀನಮ್ಮಾ, ಅದಕ್ಕೇನು?" ಅಂದರು. ಏನು ವಿಷಯ ಎಂದು ಕೇಳಲೂ ಇಲ್ಲ. ನಿದ್ದೆಗೆಟ್ಟ ತಲೆ ನನ್ನದು. ಆ ಮಿತಿಗೆ ಮೊದಲ ಬೋರ್ಡು ನೆಟ್ಟವರನ್ನೇ ಕರೆಯುತ್ತಿದ್ದೇನೆ ಎಂಬುದು ನನಗೆ ಹೊಳೆದದ್ದು ಮೀಟಿಂಗ್ ರೂಮಿನಲ್ಲಿ, ಮ್ಯಾನೇಜರಮ್ಮ ಅವರನ್ನು ನೋಡಿ ಬಾಯಿ ತೆರೆದಾಗ.

ನೌಕರರ ವಿಭಾಗದ ಅಧಿಕಾರಿ ಒಬ್ಬ ತೆಳ್ಳನೆಯ ಮನುಷ್ಯ. ಮೇಜಿನ ಮೇಲೆ ಟಿಶ್ಯೂ ಡಬ್ಬ. ಮಾತು ಶುರು ಮಾಡುವ ಮೊದಲು ಅದನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.

"ಕಂದಾಯಕ್ಕೆ ಮಿತಿ ಬಂದಿರುವ ಕಾರಣ," ಎಂದು ಓದತೊಡಗಿದ, "ಲೈಬ್ರರಿಯ ಈ ಹುದ್ದೆಯನ್ನು..."

"ಒಂದು ನಿಮಿಷ," ಅಂದರು ಅಂಕಲ್. "ಯಾವ ಹುದ್ದೆ?"

"ಇವರದ್ದು."

"ಇವಳದ್ದಾ? ಸಾಧ್ಯವೇ ಇಲ್ಲ."

ಮ್ಯಾನೇಜರಮ್ಮ ತಣ್ಣಗೆ ಕೇಳಿದರು, "ಸರ್, ಮಿತಿ ಬೇಕು ಅಂತ ಊರಿಗೆಲ್ಲ ಹೇಳಿದವರು ನೀವೇ ಅಲ್ಲವಾ?"

"ಹೌದು, ನಾನೇ. ಖರ್ಚು ಕಡಿಮೆ ಮಾಡಿ ಅಂದೆ. ಈ ಹುಡುಗೀನ ಕಡಿಮೆ ಮಾಡಿ ಅಂದೆನಾ? ಇವಳಿಗೆ ಸಂಬಳ ಬಂದರೆ ತಾನೇ ನನಗೆ ಬಾಡಿಗೆ ಬರೋದು?"

ನನ್ನ ಕಣ್ಣು ತುಂಬಿ ಬಂತು, ಕೈ ತಾನಾಗಿ ಡಬ್ಬದತ್ತ ಹೋಯಿತು. ಅಂಕಲ್ ನನ್ನ ಕಡೆ ಬಾಗಿ ಕನ್ನಡದಲ್ಲಿ ಗದರಿದರು, "ಆ ಟಿಶ್ಯೂ ಮುಟ್ಟಬೇಡ! ಮುಟ್ಟಿದರೆ ಒಪ್ಪಿಕೊಂಡ ಹಾಗೆ. ಸೆರಗಲ್ಲಿ ಒರೆಸ್ಕೋ."

ನಾನು ಹಾಕಿದ್ದು ಪ್ಯಾಂಟು ಶರಟು. ಅಂಗೈಯಲ್ಲಿ ಒರೆಸಿಕೊಂಡೆ.

ಅಧಿಕಾರಿ ಪೆನ್ನು ತೆಗೆದ. "ನಿಯಮದ ಪ್ರಕಾರ ನಿಮ್ಮ ಸಲಹೆಯನ್ನು ನಾನು ಬರೆದುಕೊಳ್ಳಲೇಬೇಕು. ಈ ಹುದ್ದೆ ಉಳಿಯಬೇಕೆಂದರೆ ಬದಲಿಗೆ ಇನ್ನೇನು ಕಡಿಮೆ ಮಾಡಬಹುದು?"

ಅಂಕಲ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿಮ್ಮ ಕೆಲಸ ಏನು?"

"ಇಂಥ ಮೀಟಿಂಗ್ ನಡೆಸುವುದು."

"ಅಷ್ಟೇನಾ?"

"ಸದ್ಯಕ್ಕೆ ಅಷ್ಟೇ."

"ವಾರಕ್ಕೆ ಎಷ್ಟು ಗಂಟೆ?"

"ನಲವತ್ತು."

"ಬರೆದುಕೊಳ್ಳಿ," ಅಂದರು ಅಂಕಲ್.

ಪೆನ್ನು ನಿಂತಿತು. ಮ್ಯಾನೇಜರಮ್ಮ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು. ನಿಯಮ ನಿಯಮವೇ. ಪಾಪ, ಆ ಮನುಷ್ಯ ತನ್ನದೇ ಹುದ್ದೆಯನ್ನು ತನ್ನ ಕೈಯಾರೆ ಬರೆದುಕೊಂಡ.

ಮೂರು ವಾರ ಕಾದೆ. ಅಂಚೆಯವನ ಸ್ಕೂಟರ್ ಸದ್ದಾದರೆ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೊನೆಗೆ ಪತ್ರ ಬಂದ ದಿನ ಒಡೆಯಲು ಧೈರ್ಯ ಸಾಲದೆ ಯಜಮಾನರಿಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತೆ. "ಓದ್ರೀ."

"ಹದಿನಾಲ್ಕು ಗಂಟೆ ಹನ್ನೆರಡು ಆಗಿದೆ."

"ಆಮೇಲೆ?"

"ಆಮೇಲೇನು, ಅಷ್ಟೇ. ಕೆಲಸ ಉಳಿದಿದೆ ಕಣೇ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸೋಮವಾರ ಲೈಬ್ರರಿ ಬಾಗಿಲು ತೆಗೆದು ಕೌಂಟರಿನಲ್ಲಿ ನಿಂತಿದ್ದೇನೆ, ಮೊದಲು ಒಳಗೆ ಬಂದವನು ಅದೇ ತೆಳ್ಳನೆಯ ಅಧಿಕಾರಿ. ನನ್ನ ಜೀವ ಬಾಯಿಗೆ ಬಂತು. ಪತ್ರ ತಪ್ಪಾಗಿ ಕಳಿಸಿದ್ದೇವೆ, ವಾಪಸ್ ಕೊಡಿ ಎನ್ನುವುದಕ್ಕೇ ಬಂದಿದ್ದಾನೆ, ಅನುಮಾನವಿಲ್ಲ. ಅವನು ಪುಸ್ತಕದ ಸಾಲುಗಳ ನಡುವೆ ಇಣುಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿದ.

"ನನಗೂ ಪತ್ರ ಬಂದಿದೆ. ಜೊತೆಗೊಬ್ಬರನ್ನು ಕರೆತನ್ನಿ ಅಂತ ಇದೆ. ನಿಮ್ಮ ಆ ಅಂಕಲ್ ಗುರುವಾರ ಬಿಡುವಾಗಿದ್ದಾರಾ?"